ಒದ್ದಾಟ, ಗುದ್ದಾಟ, ಮಾರಾಟ. ಪದಬಂಧದಲ್ಲಿ ಮಾತ್ರ ಆಟವಿಲ್ಲ

ಮೆಲ್ ಒಟ್ ಯಾರು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೀರಿ. ಅದು ಸಹಜವೇ. ಆತ ಅಮೆರಿಕದ ಬೇಸ್‌ಬಾಲ್ ಆಟಗಾರ. ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ 1926ರಿಂದ 1947ರವರೆಗೆ ಆಡಿ 511 ಹೋಮ್ ರನ್ ಹೊಡೆದವನು. ನಮ್ಮ ಯಾವ ಅಜ್ಜನೂ ಅವನ ಆಟ ನೋಡಿಲ್ಲ. ಆದರೆ ಪುಣೆಯಲ್ಲಿ ಹಿಂಜವಡಿ, ಖರಾಡಿ ಕಡೆಗೆ ಹೋಗುವ ಕಂಪನಿ ಬಸ್ಸುಗಳಲ್ಲಿ ಕೂತು ಫೋನಿನಲ್ಲಿ ಇಂಗ್ಲಿಷ್ ಪದಬಂಧ ಬಿಡಿಸುವ ಕನ್ನಡದ ಹುಡುಗ ಹುಡುಗಿಯರಿಗೆ ಅವನು ಗೊತ್ತು. ಕಾರಣ ಸರಳ. ಅವನ ಹೆಸರಿನಲ್ಲಿ ಒಂದು ಓ, ಎರಡು ಟಿ. ಮೂರಕ್ಷರದ ಇಕ್ಕಟ್ಟಿಗೆ ಸಿಕ್ಕಿದ ಅಮೆರಿಕದ ಪದಬಂಧಕಾರರನ್ನು ಅವನು ಸತ್ತ ಮೇಲೂ ಕಾಪಾಡುತ್ತಿದ್ದಾನೆ. ಐಸ್ ಹಾಕಿಯ ಬಾಬಿ ಆರ್ ಕೂಡ ಹೀಗೆಯೇ ನಮ್ಮವರಿಗೆ ಪರಿಚಯವಾದವನು.

ಇಂಥ ಪದಬಂಧಗಳಲ್ಲಿ ವಾರಕ್ಕೊಮ್ಮೆಯಾದರೂ ಕ್ರೀಡೆಯ ಪದಗಳ ಮೇಲೆ ಕಟ್ಟಿದ ಒಂದು ಇರುತ್ತದೆ. ನಾಲ್ಕೈದು ಉದ್ದದ ಉತ್ತರಗಳು, ಎಲ್ಲದರಲ್ಲೂ ಒಂದೇ ಬಗೆಯ ಕುಚೇಷ್ಟೆ, ಕೊನೆಗೆ ಆ ಕುಚೇಷ್ಟೆ ಏನೆಂದು ಬಿಟ್ಟುಕೊಡುವ ಒಂದು ಉತ್ತರ. ಪಿಚರ್ ಎಂದರೆ ಚೆಂಡೆಸೆಯುವವನು. ನೀರಿನ ಹೂಜಿಯೂ ಪಿಚರ್. ಬ್ಯಾಟ್ ಎಂದರೆ ದಾಂಡು, ಬಾವಲಿಯೂ ಬ್ಯಾಟ್. ಡೈಮಂಡ್ ಎಂದರೆ ವಜ್ರ. ಬೇಸ್‌ಬಾಲ್ ಆಡುವ ಅಂಕಣವೂ ಡೈಮಂಡ್. ‘ಬಾಯಾರಿದವರಿಗೆ ಬೇಕಾದ ಆಟಗಾರ’ ಎಂಬ ಸುಳಿವು ಕೊಟ್ಟು, ಪಿಚರ್ ಎಂದು ಹೊಳೆಯುವಷ್ಟರಲ್ಲಿ ನಮ್ಮಿಂದ ಒಂದು ನಗು ಕಿತ್ತುಕೊಳ್ಳುತ್ತಾರೆ. ಬೇಸ್‌ಬಾಲ್ ಗೊತ್ತಿಲ್ಲದವನೂ ನಗುತ್ತಾನೆ, ಏಕೆಂದರೆ ಅಲ್ಲಿ ಆಡುತ್ತಿರುವುದು ಚೆಂಡು ಮಾತ್ರವಲ್ಲ, ಭಾಷೆ.

ಇದರ ಮೇಲೆ ನನ್ನ ತಕರಾರಿಲ್ಲ. ಚೆನ್ನಾಗಿ ಕಟ್ಟಿದ್ದನ್ನು ಯಾವ ಭಾಷೆಯಲ್ಲಿದ್ದರೂ ಬಿಡಿಸಬೇಕು. ನನ್ನ ತಕರಾರು ನಮ್ಮ ಮನೆಯದು. ಅದೇ ಹುಡುಗಿ ಅದೇ ಫೋನಿನಲ್ಲಿ ಕನ್ನಡ ಪತ್ರಿಕೆಯ ಪದಬಂಧ ತೆರೆದರೆ ಅವಳಿಗೆ ಏನು ಸಿಗುತ್ತದೆ?

‘ಭೂಮಿ (2)’ ಎಂದು ಸಿಗುತ್ತದೆ.

ಇದು ಸುಳಿವೇ? ಇಳೆ, ಧರೆ, ನೆಲ, ಬುವಿ, ಎಲ್ಲವೂ ಎರಡು ಮನೆಯವೇ. ಮೂರು ಮನೆ ಎಂದರೆ ಅವನಿ, ಧರಣಿ, ವಸುಧೆ, ಮೇದಿನಿ, ಪೊಡವಿ. ಬಿಡಿಸುವವನು ಎಷ್ಟೇ ಜಾಣನಾಗಲಿ, ಅಡ್ಡ ಬರುವ ಪದ ಸಿಗುವ ತನಕ ಅವನಿಗೆ ಸರಿ ಉತ್ತರ ಯಾವುದೆಂದು ತಿಳಿಯುವ ದಾರಿಯೇ ಇಲ್ಲ. ಅವನು ಯೋಚಿಸುತ್ತಿಲ್ಲ, ಅಮರಕೋಶದ ಮೂಟೆ ಬಿಚ್ಚಿ ಒಂದೊಂದೇ ಪದ ತೂರಿಸಿ ನೋಡುತ್ತಿದ್ದಾನೆ. ಉತ್ತರ ತುಂಬಿದ ಮೇಲೂ ‘ಆಹಾ’ ಎನ್ನುವ ಗಳಿಗೆ ಬರುವುದಿಲ್ಲ. ‘ಇದೂ ಆಗಬಹುದಿತ್ತಲ್ಲ’ ಎಂಬ ಅಸಮಾಧಾನ ಉಳಿಯುತ್ತದೆ. ಇನ್ನು ಕ್ರೀಡಾ ವಿಶೇಷ ಎಂದು ಕರೆದುಕೊಳ್ಳುವ ಪದಬಂಧ ಬಂದರೆ ‘ಭಾರತ ಕ್ರಿಕೆಟ್ ತಂಡದ ಮಾಜಿ ನಾಯಕ (3)’, ‘ಟೆನಿಸ್ ಆಟಗಾರ್ತಿ (4)’. ಇದು ರಸಪ್ರಶ್ನೆ. ರಸಪ್ರಶ್ನೆಯಲ್ಲಿ ಉತ್ತರ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಎಷ್ಟು ಹೊತ್ತು ಕೂತರೂ ಗೊತ್ತಿಲ್ಲದ ಹೆಸರು ಹೊಳೆಯುವುದಿಲ್ಲ. ಒಗಟಿನಲ್ಲಾದರೆ ಕೂತವನಿಗೆ ಹೊಳೆಯುತ್ತದೆ. ಆ ವ್ಯತ್ಯಾಸವೇ ಎಲ್ಲ.

ವಿಚಿತ್ರ ನೋಡಿ. ಈ ಪದಬಂಧ ಅಚ್ಚಾಗುವ ಪತ್ರಿಕೆಯ ಮೊದಲ ಪುಟದಲ್ಲಿ ಆಟದ ಮಾತು ದಿನವೂ ಕುಣಿಯುತ್ತಿರುತ್ತದೆ. ವಿರೋಧ ಪಕ್ಷದ ನಾಯಕರು ಗೂಗ್ಲಿ ಎಸೆಯುತ್ತಾರೆ, ಮುಖ್ಯಮಂತ್ರಿಗಳು ಸಿಕ್ಸರ್ ಬಾರಿಸುತ್ತಾರೆ, ಬಂಡಾಯ ಶಾಸಕರು ಕ್ಲೀನ್ ಬೌಲ್ಡ್ ಆಗುತ್ತಾರೆ. ಸಂಪುಟದಿಂದ ಯಾರನ್ನಾದರೂ ಕೈಬಿಟ್ಟರೆ ‘ಸಚಿವರಿಗೆ ಕೊಕ್’ ಎನ್ನುತ್ತೇವೆ. ಆ ಎರಡಕ್ಷರದಲ್ಲಿ ಕೊಕ್ಕೋ ಆಡುವ ಮಕ್ಕಳ ಕೂಗು ಕೇಳಿಸುತ್ತದೆ. ಚುನಾವಣೆ ಅಖಾಡವಾಗುತ್ತದೆ, ಅಭ್ಯರ್ಥಿ ತೊಡೆ ತಟ್ಟುತ್ತಾನೆ, ಸೋತವನು ಮಣ್ಣು ಮುಕ್ಕುತ್ತಾನೆ. ಶೀರ್ಷಿಕೆ ಬರೆಯುವ ಉಪಸಂಪಾದಕರಿಗೆ ಇಷ್ಟೆಲ್ಲ ಆಟ ಗೊತ್ತು. ರಾಶಿ ಭವಿಷ್ಯದ ಪಕ್ಕದ ಆ ಚೌಕದ ಹತ್ತಿರ ಬಂದಾಗ ಮಾತ್ರ ಎಲ್ಲರೂ ಹೆಡ್ ಮಾಸ್ತರರಾಗಿಬಿಡುತ್ತಾರೆ.

ಯಾಕೆ ಹೀಗೆ ಎಂದು ಕೇಳಿದರೆ ಮೂರು ಉತ್ತರ ಬರುತ್ತವೆ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು: ಕನ್ನಡ ಲಿಪಿಗೆ ಇದು ಒಗ್ಗುವುದಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದ ಅಕ್ಷರಗಳು 26. ಕನ್ನಡದ 34 ವ್ಯಂಜನಗಳಿಗೆ 13 ಸ್ವರ ಕೂಡಿಸಿದರೆ ಗುಣಿತಾಕ್ಷರಗಳೇ 442 ಆಗುತ್ತವೆ. ಅನುಸ್ವಾರ, ಒತ್ತಕ್ಷರ ಸೇರಿಸಿದರೆ ಸಾವಿರ ದಾಟುತ್ತದೆ. ಅಮೆರಿಕದ ದಿನದ ಪದಬಂಧ 15 ಮನೆ ಅಗಲ, 15 ಮನೆ ಉದ್ದ. ಅದರಲ್ಲಿ ಪ್ರತಿ ಅಕ್ಷರವೂ ಅಡ್ಡ ಸಾಲಿಗೂ ಉದ್ದ ಸಾಲಿಗೂ ಸೇರಿರಲೇಬೇಕು. ಆ ಬಿಗಿ ಹೆಣಿಗೆ ಕನ್ನಡದಲ್ಲಿ ಕಷ್ಟ. ಆದರೆ ಜಗತ್ತಿನಲ್ಲಿರುವುದು ಅದೊಂದೇ ಹೆಣಿಗೆಯಲ್ಲ. ಇಂಗ್ಲೆಂಡಿನ ಪದಬಂಧಗಳಲ್ಲಿ ಅಕ್ಷರಗಳು ಒಂದು ಬಿಟ್ಟು ಒಂದು ಸಂಧಿಸುತ್ತವೆ, ನಡುವೆ ಕಪ್ಪು ಮನೆಗಳು ಧಾರಾಳ. ಕನ್ನಡದ ಪದಬಂಧಗಳೂ ಆ ಸಡಿಲ ಜಾಲರಿಯನ್ನೇ ಬಳಸುತ್ತ ಬಂದಿವೆ. ಅ.ನಾ. ಪ್ರಹ್ಲಾದರಾವ್ ಅವರು ದಶಕಗಳ ಕಾಲ ಹೀಗೆ ಕಟ್ಟುತ್ತ ಹೋಗಿ ಸಂಖ್ಯೆಯ ಲೆಕ್ಕದಲ್ಲಿ ಲಿಮ್ಕಾ ದಾಖಲೆ ಪುಸ್ತಕವನ್ನೇ ಸೇರಿದರು. ಕನ್ನಡ ಅಕ್ಷರಗಳನ್ನು ಹೆಣೆಯಲು ಬರುತ್ತದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. ಚೌಕಟ್ಟಿನ ಸಮಸ್ಯೆ ಬಗೆಹರಿದು ಎಷ್ಟೋ ಕಾಲವಾಯಿತು. ಬಗೆಹರಿಯದೆ ಉಳಿದಿರುವುದು ಸುಳಿವು. ಸುಳಿವಿಗೂ ಲಿಪಿಗೂ ಸಂಬಂಧವಿಲ್ಲ.

ಎರಡನೆಯದು: ಇದು ಇಂಗ್ಲಿಷರ ಚಮತ್ಕಾರ, ಕನ್ನಡದ ಜಾಯಮಾನಕ್ಕೆ ಹೊಂದುವುದಿಲ್ಲ. ಈ ಮಾತು ಕೇಳಿದಾಗ ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ, ಆರ್ಥರ್ ವಿನ್ ಕೈಯಲ್ಲಿ. ಲಂಡನ್ನಿನ ಟೈಮ್ಸ್‌ಗೆ ಅದು ಬಂದದ್ದು 1930ರಲ್ಲಿ. ಪದ ಒಡೆದು, ತಿರುಗಿಸಿ, ಒಳಗೊಂದು ಪದ ಅಡಗಿಸುವ ಗೂಢ ಸುಳಿವು ಇಂಗ್ಲೆಂಡಿನಲ್ಲಿ ಬೆಳೆದದ್ದು 1920ರ ದಶಕದ ನಂತರ. ಎಲ್ಲ ಸೇರಿ ನೂರು ವರ್ಷದ ಮಾತು. ದಂಡಿ ತನ್ನ ಕಾವ್ಯಾದರ್ಶದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ವಿಂಗಡಿಸಿ ಸಾವಿರ ವರ್ಷ ದಾಟಿದೆ. ಆ ದಂಡಿಯ ಬೆನ್ನು ಹಿಡಿದೇ ನಮ್ಮ ಕವಿರಾಜಮಾರ್ಗ 9ನೇ ಶತಮಾನದಲ್ಲಿ ಬಂತು. ಅಲ್ಲಮನ ಬೆಡಗಿನ ವಚನಗಳ ಮುಂದೆ ಪಂಡಿತರು ಇಂದಿಗೂ ಕೂತು ಬಿಡಿಸುತ್ತಿದ್ದಾರೆ. ‘ಪದಬಂಧ’ ಎಂಬ ಹೆಸರಿನ ಬಂಧವೂ ಪದ್ಮಬಂಧ, ಮುರಜಬಂಧ ಎಂದು ಅಕ್ಷರಗಳನ್ನು ಚಿತ್ರದೊಳಗೆ ಕೂರಿಸುತ್ತಿದ್ದ ಕವಿಗಳ ಬಂಧದ ಸಾಲಿಗೇ ಸೇರುವಂಥದ್ದು.

ಹಳೆಯದು ಬೇಡವೆಂದರೆ ಈಗಿನದನ್ನೇ ನೋಡಿ. ಅಷ್ಟಾವಧಾನದಲ್ಲಿ ದತ್ತಪದಿ ಎಂಬ ವಿಭಾಗವಿದೆ. ಕೇಳುವವರು ನಾಲ್ಕು ಪದ ಕೊಡುತ್ತಾರೆ, ಹಲವು ಸಲ ಬೇಕೆಂದೇ ಪರಭಾಷೆಯವು. ಅವಧಾನಿ ಆ ನಾಲ್ಕನ್ನೂ ಬೇರೆ ಅರ್ಥ ಬರುವಂತೆ ತನ್ನ ಪದ್ಯದ ಒಳಗೆ ಅಡಗಿಸಿ ಹೇಳಬೇಕು. ಇಂಗ್ಲಿಷ್ ಪದಬಂಧದವರು ‘ಅಡಗಿದ ಪದ’ ಎನ್ನುವ ತಂತ್ರ ಇದೇ, ಇನ್ನೂ ಕಷ್ಟದ ರೂಪದಲ್ಲಿ. ಶತಾವಧಾನಿ ಗಣೇಶ್ ಅವರ ಕಾರ್ಯಕ್ರಮಗಳಿಗೆ ಸಭಾಂಗಣ ತುಂಬುತ್ತದೆ. ಕೈಲಾಸಂ ಮಾತಿಗೆ ಮಾತು ಕೊಕ್ಕೆ ಹಾಕಿ ಒಂದು ತಲೆಮಾರನ್ನೇ ನಗಿಸಿದರು. ವೈಎನ್ಕೆ ಪತ್ರಿಕೆಯ ಸಂಪಾದಕರಾಗಿದ್ದುಕೊಂಡೇ ಪನ್ನುಗಳನ್ನು ಹಂಚಿದರು. ದುಂಡಿರಾಜರ ಹನಿಗವನಗಳು ನಿಂತಿರುವುದೇ ಒಂದು ಪದದ ಎರಡು ಅರ್ಥಗಳ ಮೇಲೆ. ನಾನು ಕೂತು ಬರೆಯುತ್ತಿರುವ ಈ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿದ ಬೇಂದ್ರೆಯವರು ಬದುಕಿಡೀ ಮಾಡಿದ ಕೆಲಸಗಳಲ್ಲಿ ಒಂದು, ಕನ್ನಡದ ಮಾತುಗಳನ್ನು ಮಗುಚಿ ಅದರ ಕೆಳಗೆ ಏನಿದೆ ಎಂದು ತೋರಿಸುವುದು. ಇಷ್ಟೆಲ್ಲ ಇಟ್ಟುಕೊಂಡು ಜಾಯಮಾನಕ್ಕೆ ಹೊಂದುವುದಿಲ್ಲ ಎಂದರೆ ಯಾರ ಜಾಯಮಾನದ ಮಾತು ಅದು?

ವಾದ ಸಾಕು, ಆಡಿ ತೋರಿಸಬೇಕು. ಆಟದ್ದೇ ಪದಗಳು, ಎಲ್ಲರ ಬಾಯಲ್ಲಿರುವವು. ನಿಘಂಟು ತೆರೆಯುವ ಅಗತ್ಯವಿಲ್ಲ.

‘ಪೈಲ್ವಾನ ಹಾಕುತ್ತಾನೆ, ಹಟಮಾರಿ ಹಿಡಿಯುತ್ತಾನೆ (2).’ ಉತ್ತರ ಪಟ್ಟು.

‘ದಾಳ ಉರುಳಿದರೆ ಬೀಳುತ್ತದೆ, ಗ್ರಹಚಾರ ಕೆಟ್ಟರೆ ಬಡಿಯುತ್ತದೆ (2).’ ಗರ.

‘ಮರದಲ್ಲಿದ್ದರೂ ಹಣ್ಣಾಗುತ್ತದೆ, ಮನೆ ಸುತ್ತಿ ಬಂದರೂ ಹಣ್ಣಾಗುತ್ತದೆ (2).’ ಕಾಯಿ. ಚೌಕಾಬಾರ ಆಡಿದವರಿಗೆ ಕಾಯಿ ಹಣ್ಣಾಗುವುದೆಂದರೇನೆಂದು ಹೇಳಿಕೊಡಬೇಕಿಲ್ಲ.

‘ಗಾಳಿಯಲ್ಲಿ ಚೆಂಡು ಗೆರೆ ದಾಟಿದರೆ ಸಿಗುವುದು, ಗಾಳಿಗೆ ದೀಪಕ್ಕೆ ಒದಗುವ ಗತಿ (2).’ ಆರು.

‘ಮೂರರಲ್ಲಿ ಒಂದು ಬಿದ್ದರೂ ದಾಂಡಿಗ ಮನೆಗೆ, ಒಂದೇ ಇದ್ದ ಕಾರಿನಿಂದ ಇಳಿಯಲು ಮಂತ್ರಿಗೆ ಮನಸ್ಸಿಲ್ಲ (2).’ ಗೂಟ. ಕೆಂಪು ಗೂಟದ ಕಾರುಗಳ ಕಾಲ 2017ರ ಮೇ 1ಕ್ಕೆ ಮುಗಿಯಿತು; ಮಾತು ಇನ್ನೂ ಉಳಿದಿದೆ.

ಇವೆಲ್ಲ ಎರಡು ಅರ್ಥದ ಸುಳಿವುಗಳು, ಸುಲಭದವು. ಈಗ ಪದ ಕೂಡಿಸುವ ಬಗೆ ನೋಡಿ.

‘ಕಡದ ಆರಂಭಕ್ಕೇ ಬಡ್ಡಿ! ಇನ್ನು ಉಸಿರು ಬಿಡುವಂತಿಲ್ಲ (3).’ ಕಡ ಎಂದರೆ ಸಾಲ. ಅದರ ಆರಂಭ ‘ಕ’, ಅದಕ್ಕೆ ‘ಬಡ್ಡಿ’ ಸೇರಿದರೆ ಕಬಡ್ಡಿ. ಉಸಿರು ಬಿಡದೆ ಆಡುವ ಆಟ. ಮೇಲೆ ಓದಿದರೆ ಸಾಲಗಾರನ ಗೋಳು, ಒಳಗೆ ನೋಡಿದರೆ ಆಟದ ಅಂಕಣ.

‘ಛಲದ ಕೊನೆಗೊಂದು ಸಮಾಧಿ, ಚೆಂಡು ತಗುಲಿದರೆ ಕಲ್ಲು ಚೆಲ್ಲಾಪಿಲ್ಲಿ (3).’ ಛಲದ ಕೊನೆ ‘ಲ’, ಸಮಾಧಿ ‘ಗೋರಿ’. ಲಗೋರಿ.

‘ಬುಡದ ತಲೆಗೇ ಗುರಿ ಇಟ್ಟರೆ ಗಿರಗಿರ ತಿರುಗೀತು (3).’ ಬುಡದ ತಲೆ ‘ಬು’, ಅದರ ಮುಂದೆ ‘ಗುರಿ’. ಬುಗುರಿ.

ಪುಣೆಯವರಿಗೆಂದೇ ಒಂದು: ‘ಪುಣೆಯ ಪೈಲ್ವಾನನಿಗೆ ಇದೇ ಮನೆ; ನಾಟಕದವರಿಗೆ ಇದಿಲ್ಲದೆ ರಂಗವಿಲ್ಲ (3).’ ತಾಲೀಮು. ಇಲ್ಲಿನ ಪೇಠೆಗಳಲ್ಲಿ ತಾಲೀಮು ಎಂದರೆ ಮಣ್ಣಿನ ಗರಡಿ; ನಮ್ಮ ನಾಟಕದವರ ಬಾಯಲ್ಲಿ ಪ್ರಯೋಗಕ್ಕೆ ಮುಂಚಿನ ಅಭ್ಯಾಸ. ಗಡಿಯ ಎರಡೂ ಕಡೆ ಬದುಕಿದವನಿಗೆ ಮಾತ್ರ ತಟ್ಟನೆ ಹೊಳೆಯುವ ಸುಳಿವು ಇದು. ಹೊರನಾಡ ಕನ್ನಡಿಗನ ಎರಡು ಭಾಷೆಯ ಬಾಳು ಕೊರತೆ ಎಂದೇ ಎಲ್ಲರೂ ಹೇಳುತ್ತಾರೆ. ಇಲ್ಲಿ ಅದು ಅನುಕೂಲವಾಗುತ್ತದೆ.

ಇನ್ನು ಒಂದೇ ವಿಷಯದ ಮೇಲೆ ಇಡೀ ಪದಬಂಧ ಕಟ್ಟುವ ಮಾತು. ಅಮೆರಿಕದವರು ಬೇಸ್‌ಬಾಲಿನ ಪದಗಳನ್ನು ಹುಡುಕಿ ಹುಡುಕಿ ತಂದು ವಾರಗಟ್ಟಲೆ ಹೊಂದಿಸುತ್ತಾರೆ. ನಮಗೆ ಆ ಕಷ್ಟವಿಲ್ಲ, ನಮ್ಮ ವ್ಯಾಕರಣವೇ ಆ ಕೆಲಸ ಮಾಡಿಟ್ಟಿದೆ. ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೆ ‘ಆಟ’ ಕಟ್ಟಿದರೆ ನಾಮಪದವಾಗುತ್ತದೆ. ಒದ್ದಾಟ, ಗುದ್ದಾಟ, ಓಡಾಟ, ತೂರಾಟ, ಕಿತ್ತಾಟ, ಎಳೆದಾಟ, ಪರದಾಟ, ಪೀಕಲಾಟ. ಇವುಗಳನ್ನೆಲ್ಲ ನಿಜವಾದ ಆಟಗಳೆಂದೇ ನಂಬಿದ ಒಬ್ಬ ಅಜ್ಜನನ್ನು ಕಲ್ಪಿಸಿಕೊಳ್ಳಿ. ‘ಮೊಮ್ಮಗ ಫುಟ್‌ಬಾಲ್ ಅಂತಾನೆ, ನಾನಂತೂ ಇದೇ ಅಂತೀನಿ (3)’: ಒದ್ದಾಟ. ‘ಬಾಕ್ಸಿಂಗಿಗೆ ಅಜ್ಜ ಇಟ್ಟ ಹೆಸರು (3)’: ಗುದ್ದಾಟ. ‘ಮ್ಯಾರಥಾನ್ ಅಂದರೆ ಅಜ್ಜನಿಗೆ ಇಷ್ಟೇ (3)’: ಓಡಾಟ. ‘ಹಗ್ಗದ ಎರಡು ತುದಿಗೂ ಜನ (4)’: ಎಳೆದಾಟ. ‘ಶೆಟ್ಟರ ಅಂಗಡಿಯಲ್ಲಿ ದಿನಾ ನಡೆಯುವ ಪಂದ್ಯ (3)’: ಮಾರಾಟ. ನಡುವಿನ ಸಾಲಿನಲ್ಲಿ ಎಲ್ಲದರ ಗುಟ್ಟು ಬಿಟ್ಟುಕೊಡುವ ಎರಡೇ ಮನೆ: ‘ಮೇಲಿನವರೆಲ್ಲರ ಬಾಲ ಹಿಡಿದರೆ ಮಕ್ಕಳಿಗೆ ಖುಷಿ (2)’. ಆಟ. ಜೊತೆಗೆ ಕಟ್ಟುವವನಿಗೆ ಒಂದು ಉಪಕಾರ: ಎಲ್ಲ ಪದವೂ ‘ಟ’ಕಾರದಲ್ಲೇ ಮುಗಿಯುವುದರಿಂದ ಯಾವುದನ್ನು ಎಲ್ಲಿ ಬೇಕಾದರೂ ಕೊಂಡಿ ಹಾಕಬಹುದು. ಅಷ್ಟು ದೊಡ್ಡ ಅಕ್ಷರರಾಶಿಯ ಕಷ್ಟ ಎಂದರಲ್ಲ, ಭಾಷೆಯೇ ಅದಕ್ಕೊಂದು ಕೀಲಿ ಇಟ್ಟಿದೆ.

ಮೂರನೆಯ ಉತ್ತರವೇ ನಿಜವಾದದ್ದು, ಅದನ್ನು ಮೆಲ್ಲಗೆ ಹೇಳುತ್ತಾರೆ: ಓದುಗರಿಗೆ ಕಷ್ಟವಾಗುತ್ತದೆ, ವಯಸ್ಸಾದವರು ಬಿಡಿಸುವುದು, ಅವರಿಗೆ ಹೊತ್ತು ಹೋದರೆ ಸಾಕು. ಇದು ಓದುಗರ ಮೇಲಿನ ಕನಿಕರದ ವೇಷ ಹಾಕಿಕೊಂಡ ಅಸಡ್ಡೆ. ಆ ವಯಸ್ಸಾದವರೇ ಒಗಟು ಕೇಳುತ್ತ ಬೆಳೆದವರು. ಎಷ್ಟೋ ಊರುಗಳಲ್ಲಿ ಬೀಗರ ಮುಂದೆ ಒಗಟು ಒಡ್ಡಿ ಸೋಲಿಸುವ ಪದ್ಧತಿಯಿತ್ತು. ಗಂಡನ ಹೆಸರು ಹೇಳುವಾಗಲೂ ಒಡಪು ಕಟ್ಟಿ ಹೇಳಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಬಿಡಿಸಿದ್ದನ್ನು ಪದವೀಧರ ಮೊಮ್ಮಗಳು ಬಿಡಿಸಲಾರಳು ಎಂದು ಯಾರು ತೀರ್ಮಾನಿಸಿದರು? ಕಷ್ಟದ ಪ್ರಶ್ನೆಗೂ ದಾರಿಯಿದೆ. ನ್ಯೂಯಾರ್ಕ್ ಟೈಮ್ಸ್‌ನ ಪದಬಂಧ ಸೋಮವಾರ ಎಲ್ಲಕ್ಕಿಂತ ಸುಲಭ, ಶನಿವಾರ ಎಲ್ಲಕ್ಕಿಂತ ಕಠಿಣ. ಹೊಸಬನು ಸೋಮವಾರ ಬಾಗಿಲು ತಟ್ಟಿ ಒಳಗೆ ಬರುತ್ತಾನೆ, ವರ್ಷ ಕಳೆದ ಮೇಲೆ ಗುರುವಾರಕ್ಕೆ ತಲುಪುತ್ತಾನೆ. ನಮ್ಮಲ್ಲಿ ಏಳು ದಿನವೂ ‘ಭೂಮಿ (2)’. ಹತ್ತು ವರ್ಷ ಬಿಡಿಸಿದವನೂ ನಿನ್ನೆ ಶುರು ಮಾಡಿದವನೂ ಒಂದೇ ಜಾಗದಲ್ಲಿ ನಿಂತಿರುತ್ತಾರೆ.

ಕಟ್ಟುವವರ ಗತಿಯನ್ನೂ ಹೇಳಬೇಕು. ಅದೇ ನ್ಯೂಯಾರ್ಕ್ ಪತ್ರಿಕೆಯಲ್ಲಿ 1993ರಲ್ಲಿ ವಿಲ್ ಶಾರ್ಟ್ಸ್ ಪದಬಂಧದ ಸಂಪಾದಕರಾಗಿ ಬಂದ ಮೇಲೆ ದಿನದ ಪದಬಂಧಕ್ಕೂ ಕಟ್ಟಿದವರ ಹೆಸರು ಹಾಕತೊಡಗಿದರು. ಒಂದು ದಿನದ ಪದಬಂಧಕ್ಕೆ ಅಲ್ಲಿ ಸಂಭಾವನೆ 500 ಡಾಲರಿನಿಂದ ಶುರುವಾಗುತ್ತದೆ. ಪದಬಂಧಕ್ಕೆಂದೇ ಒಬ್ಬ ಸಂಪಾದಕ, ಪ್ರತಿ ಸುಳಿವನ್ನೂ ತಿದ್ದುವ ಕಣ್ಣು. ನಮ್ಮ ಹಲವು ಕಡೆ ಕಟ್ಟಿದವರ ಹೆಸರೇ ಅಚ್ಚಾಗುವುದಿಲ್ಲ. ಅಡುಗೆ ಅಂಕಣ ಬರೆದವರ ಫೋಟೋ ಹಾಕುವ ಪುಟದಲ್ಲಿ ದಿನವೂ ಓದುಗರ ಅರ್ಧ ಗಂಟೆ ಹಿಡಿದಿಡುವ ಮನುಷ್ಯ ಅನಾಮಿಕ. ಹೆಸರಿಲ್ಲದ, ಸರಿಯಾದ ಸಂಭಾವನೆಯಿಲ್ಲದ ಕೆಲಸಕ್ಕೆ ಯಾರು ಒಂದು ಸುಳಿವಿನ ಮೇಲೆ ಒಂದು ಸಂಜೆ ಕೂರುತ್ತಾರೆ? ಅವರನ್ನು ಬಯ್ಯುವುದು ಅನ್ಯಾಯ. ಬಯ್ಯಬೇಕಾದದ್ದು ಅವರಿಗೆ ಆ ಮೂಲೆ ತೋರಿಸಿ ‘ತುಂಬಿಸಿ ಕೊಡಿ’ ಎಂದವರನ್ನು.

ಇದೆಲ್ಲ ಸರಿಹೋಗುವುದಕ್ಕೆ ಬೇಕಾದದ್ದು ಪ್ರತಿಭೆಗಿಂತ ಮುಂಚೆ ನಿಯಮ. ಈ ಮಾತಿಗೆ ಪುಣೆಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಕೊಕ್ಕೋ ಈ ನೆಲದ ಊರೂರುಗಳಲ್ಲಿ ಮಕ್ಕಳು ಆಡಿಕೊಂಡಿದ್ದ ಆಟ. ಎಷ್ಟು ಜನ ಕೂರಬೇಕು, ಎಷ್ಟು ಹೊತ್ತು ಓಡಬೇಕು, ಯಾವುದು ತಪ್ಪು ಎಂಬುದು ಊರಿಗೊಂದು ಥರ. 20ನೇ ಶತಮಾನದ ಎರಡನೇ ದಶಕದಲ್ಲಿ ಪುಣೆಯ ಜಿಮಖಾನಾದವರು ಕೂತು ಅದಕ್ಕೆ ನಿಯಮ ಬರೆದರು. ಮಕ್ಕಳಾಟಕ್ಕೆ ನಿಯಮವೇಕೆ ಎಂದು ಅವರು ಕೈಬಿಡಲಿಲ್ಲ. ನಿಯಮ ಬಂದದ್ದರಿಂದ ಒಂದೂರಿನವರು ಇನ್ನೊಂದೂರಿನವರ ಜೊತೆ ಆಡಲು ಸಾಧ್ಯವಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಕೊಕ್ಕೋ ವಿಶ್ವಕಪ್ ನಡೆದು ಭಾರತದ ಪುರುಷರೂ ಮಹಿಳೆಯರೂ ಗೆದ್ದರು.

ನಿಯಮ ಬರೆದೂ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಪುಣೆಯಲ್ಲೇ ಉದಾಹರಣೆಯಿದೆ. ಈಗ ಬ್ಯಾಡ್ಮಿಂಟನ್ ಎನ್ನುವ ಆಟವನ್ನು 1870ರ ದಶಕದಲ್ಲಿ ಇಲ್ಲಿನ ಬ್ರಿಟಿಷ್ ಸೈನ್ಯಾಧಿಕಾರಿಗಳು ಆಡುತ್ತಿದ್ದರು, ಅದರ ಮೊದಲ ನಿಯಮಗಳೂ ಇಲ್ಲೇ ಬರಹಕ್ಕಿಳಿದವು. ಆಗ ಆ ಆಟದ ಹೆಸರು ‘ಪೂನಾ’. ಇಂಗ್ಲೆಂಡಿಗೆ ಹೋದ ಮೇಲೆ ಅದಕ್ಕೆ ಅಂಟಿದ್ದು ಬ್ಯೂಫರ್ಟಿನ ಡ್ಯೂಕನ ಮನೆಯ ಹೆಸರು, ಬ್ಯಾಡ್ಮಿಂಟನ್ ಹೌಸ್. ಆಡಿ ಬೆಳೆಸಿದವರ ಹೆಸರು ಉಳಿಯಿತು, ಊರಿನ ಹೆಸರು ಅಳಿಯಿತು. ಒಗಟಿನ ವಿಷಯದಲ್ಲಿ ನಾವು ಈಗ ಇರುವುದು ಆ ತಿರುವಿನಲ್ಲಿ. ಸಾವಿರ ವರ್ಷದ ಸರಕು ನಮ್ಮದು, ಆಟ ಅವರದು.

ಸುಳಿವಿಗೆ ನಿಯಮವೆಂದರೆ ದೊಡ್ಡ ಗ್ರಂಥವೇನೂ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಸಿಮಿನೀಸ್ ಎಂಬ ಹೆಸರಿನಲ್ಲಿ ಪದಬಂಧ ಕಟ್ಟುತ್ತಿದ್ದ ಮ್ಯಾಕ್‌ನಟ್ 1966ರಲ್ಲಿ ಪುಸ್ತಕ ಬರೆದು ಹೇಳಿದ್ದರ ಸಾರ ಇಷ್ಟೆ: ಬಿಡಿಸುವವನಿಗೆ ಮೋಸವಾಗಬಾರದು. ಕನ್ನಡಕ್ಕೆ ನಾಲ್ಕು ನಿಯಮ ಸಾಕು. ಒಂದು, ಪ್ರತಿ ಸುಳಿವಿಗೂ ಉತ್ತರಕ್ಕೆ ಹೋಗುವ ಎರಡು ದಾರಿ ಇರಲಿ, ಒಂದು ಇನ್ನೊಂದನ್ನು ಖಾತ್ರಿ ಮಾಡಲಿ. ಎರಡು, ಒಂದು ಮನೆಗೆ ಒಂದು ಅಕ್ಷರ. ಒತ್ತಕ್ಷರವೂ ಒಂದೇ ಮನೆ, ಅದನ್ನು ಒಡೆಯುವಂತಿಲ್ಲ. ಮೂರು, ಪದದ ರೂಪ ಜನ ಬರೆಯುವ ರೂಪವಾಗಿರಲಿ. ಮನೆ ತುಂಬದೆಂದು ದೀರ್ಘವನ್ನು ಹ್ರಸ್ವ ಮಾಡುವ ಕಸರತ್ತು ಬೇಡ. ನಾಲ್ಕು, ಉತ್ತರದ ಜೊತೆ ಅದು ಬಂದ ದಾರಿಯನ್ನೂ ಮರುದಿನ ಅಚ್ಚು ಮಾಡಿ. ಕಬಡ್ಡಿ ಎಂದಷ್ಟೇ ಹೇಳಿದರೆ ಸೋತವನು ಪೆಚ್ಚಾಗುತ್ತಾನೆ. ಕಡ, ಬಡ್ಡಿ ಎಂದು ಬಿಡಿಸಿ ಹೇಳಿದರೆ ಸೋತವನೂ ನಗುತ್ತಾನೆ, ಮುಂದಿನ ಸಲ ತಾನೇ ಒಂದು ಕಟ್ಟುತ್ತಾನೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಜೋರೇಕೆ ಎಂದು ನೀವು ಕೇಳಬಹುದು. ಕರ್ನಾಟಕದ ಹೊರಗೆ ಮಕ್ಕಳನ್ನು ಬೆಳೆಸುತ್ತಿರುವವರು ಕೇಳಲಾರರು. ಪುಣೆಯಂಥ ಊರಿನಲ್ಲಿ ಕನ್ನಡದ ಮಗುವಿಗೆ ಕನ್ನಡ ಮುಖ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ. ಮನೆಯಲ್ಲಿ ಅಪ್ಪಣೆಯ ಭಾಷೆ: ತಿನ್ನು, ಏಳು, ಕೈ ತೊಳಿ. ಸಂಘದಲ್ಲಿ ಅಭಿಮಾನದ ಭಾಷೆ: ನವೆಂಬರಿನಲ್ಲಿ ಬಾವುಟ, ಭಾಷಣ, ಹಾಡು. ಎರಡೂ ಬೇಕು. ಎರಡರಲ್ಲೂ ಮಗು ಕೇಳುವ ಜಾಗದಲ್ಲಿ ನಿಂತಿರುತ್ತದೆ. ತಮಾಷೆ ಮಾಡುವುದು, ಗೆಳೆಯನನ್ನು ಮಾತಿನಲ್ಲಿ ಬೀಳಿಸುವುದು, ಪದ ತಿರುಚಿ ನಗುವುದು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಮಗು ಎಲ್ಲಿ ಜಾಣತನ ತೋರಿಸಬಲ್ಲದೋ ಆ ಭಾಷೆಯನ್ನು ತನ್ನದೆಂದುಕೊಳ್ಳುತ್ತದೆ. ಗೌರವಿಸಬೇಕಾದ ಭಾಷೆಯನ್ನು ಅಜ್ಜಿಯ ಫೋಟೋದ ಹಾಗೆ ಗೋಡೆಗೆ ಹಾಕುತ್ತದೆ. ಇಲ್ಲಿ ಮರಾಠಿ ಪತ್ರಿಕೆಗಳು ತಮ್ಮ ಪದಬಂಧವನ್ನು ‘ಶಬ್ದಕೋಡೆ’ ಎನ್ನುತ್ತವೆ. ಕೋಡೆ ಎಂದರೆ ಒಗಟು. ಸುಳಿವುಗಳು ಹೇಗೇ ಇರಲಿ, ಕನಿಷ್ಠ ಹೆಸರಿನಲ್ಲಾದರೂ ಅವರು ಒಗಟನ್ನು ಉಳಿಸಿಕೊಂಡಿದ್ದಾರೆ.

ಹಾಗಾಗಿ ಸಂಪಾದಕರಲ್ಲಿ ನನ್ನ ಬೇಡಿಕೆ ಸಣ್ಣದು. ಏಳು ದಿನವೂ ಬೇಡ, ಭಾನುವಾರ ಒಂದು ದಿನ ಸಾಕು. ಕಟ್ಟಿದವರ ಹೆಸರು ಹಾಕಿ, ಒಂದು ಲೇಖನಕ್ಕೆ ಕೊಡುವಷ್ಟು ಸಂಭಾವನೆ ಕೊಡಿ, ಮರುದಿನ ಉತ್ತರದ ದಾರಿ ವಿವರಿಸಿ. ಶುರುವಿಗೆ ಆಟದ ವಿಷಯವೇ ಇರಲಿ. ಚೌಕಾಬಾರದಿಂದ ಚಿನ್ನಿದಾಂಡಿನವರೆಗೆ, ಕಂಬಳದಿಂದ ಕ್ರಿಕೆಟ್ಟಿನವರೆಗೆ ಆ ಪದಗಳು ಬೀದರಿನವರಿಗೂ ಕಾಸರಗೋಡಿನವರಿಗೂ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಎದುರಾದರೆ ಪಕ್ಕದ ಜಿಲ್ಲೆಯ ಒಂದು ಆಟ ಕಲಿತಂತಾಯಿತು. ಮೆಲ್ ಒಟ್‌ನನ್ನು ಕಲಿತ ನಾವು ಕುಂಟೆಬಿಲ್ಲೆಯನ್ನು ಕಲಿಯಲಾರೆವೆ?

ಓದುಗರಲ್ಲೂ ಒಂದು ಬೇಡಿಕೆ. ಪದಬಂಧ ಸಪ್ಪೆ ಎಂದು ಪುಟ ತಿರುಗಿಸಿದರೆ ಅದು ಸಪ್ಪೆಯಾಗಿಯೇ ಉಳಿಯುತ್ತದೆ. ಈ ವಾರ ಒಂದು ಸುಳಿವು ಕಟ್ಟಿ. ನಿಮ್ಮೂರಿನ ಆಟದ ಒಂದು ಪದ ತೆಗೆದುಕೊಳ್ಳಿ, ಅದನ್ನು ಒಡೆಯಿರಿ, ತಿರುಗಿಸಿ, ಅದರ ಇನ್ನೊಂದು ಅರ್ಥ ಹುಡುಕಿ. ಮನೆಯ ಮಗುವಿನ ಮುಂದೆ ಇಡಿ. ಬಿಡಿಸಿದರೆ ಇನ್ನೊಂದು ಇಡಿ. ಹತ್ತು ಒಟ್ಟಾದ ಮೇಲೆ ನೀವು ತರಿಸುವ ಪತ್ರಿಕೆಯ ಸಂಪಾದಕರಿಗೆ ಕಳಿಸಿ, ಇಂಥದ್ದು ಬೇಕು ಎಂದು ಬರೆಯಿರಿ. ಕನ್ನಡಕ್ಕಾಗಿ ಹೋರಾಟ ಮಾಡಲು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ದಶಕಗಳಿಂದ ಮಾಡುತ್ತಿದ್ದೇವೆ. ಆ ಪದದ ಬಾಲದಲ್ಲಿರುವುದೂ ಆಟವೇ.